ನಿಂತ ಗಾಡಿಯ ಸ್ಟೇರಿಂಗ್

ಹೋದ ವರ್ಷ ಶ್ರಾವಣದ ಮೂರನೇ ಗುರುವಾರ ಬೆಳಿಗ್ಗೆ ನನ್ನ ಅಣ್ಣ, ದೇವಾಪುರದಿಂದ ಕಕ್ಕೇರಾ ಕಡೆಗೆ ಹೋಗುವ ದಾರಿಯ ಅಂಚಿನಲ್ಲಿ, ನಿಂತ ಪಿಕಪ್ ಗಾಡಿಯೊಳಗೆ ಕುಳಿತಲ್ಲೇ ತೀರಿಕೊಂಡ. ಇಂಜಿನ್ ಚಾಲೂ ಇತ್ತು. ಎರಡೂ ಕೈಗಳು ಸ್ಟೇರಿಂಗ್ ಮೇಲಿದ್ದವು. ಹೃದಯ ನಿಂತು ಸತ್ತಿದ್ದಾನೆ ಎಂದು ಆಸ್ಪತ್ರೆಯಲ್ಲಿ ಬರೆದುಕೊಟ್ಟರು. ಎಷ್ಟು ಗಂಟೆಗೆ ಎಂದು ಬರೆಯಲಿಲ್ಲ. ನಾನು ಕೇಳಿದಾಗ, ಖಚಿತವಾಗಿ ಹೇಳಲಾಗದು ಎಂದರು.

ಅವನು ನನಗಿಂತ ಏಳು ವರ್ಷ ದೊಡ್ಡವನು. ನಮ್ಮದು ಕುರಿ ಸಾಕುವ ಮನೆ. ನಾನು ಓದಿ ಯಾದಗಿರಿಗೆ ಹೋಗಿ ಪತ್ರಿಕೆಯಲ್ಲಿ ವರದಿಗಾರನಾದೆ. ಅವನು ಊರಲ್ಲೇ ಉಳಿದ. ಮೊಣಕಾಲು ನೋವು ಶುರುವಾದ ಮೇಲೆ ಕುರಿ ಹಿಂದೆ ತಿರುಗುವುದನ್ನು ಬಿಟ್ಟು, ಸುತ್ತಲಿನ ಹಳ್ಳಿಗಳ ಕುರಿಗಳನ್ನು ಸಂತೆಗೆ ಸಾಗಿಸುವ ಗಾಡಿ ಹಿಡಿದ. ಗಾಡಿ ಹಳೆಯದು, ಬೇರೆಯವರು ಓಡಿಸಿ ಬಿಟ್ಟದ್ದು. ಆದರೂ ನೋಡಿದವರು ಹಳೆಯದು ಅನ್ನುತ್ತಿರಲಿಲ್ಲ. ಅವನು ಅದನ್ನು ಹಾಗೆ ಇಟ್ಟಿದ್ದ.

ಸಾಯುವ ಒಂದು ತಿಂಗಳ ಹಿಂದೆ ಅವನು ಫೋನ್ ಮಾಡಿದ್ದ. ನಾನು ಕಚೇರಿಯಲ್ಲಿದ್ದೆ. ಅವನು ಗಾಡಿಯಲ್ಲೇ ಕುಳಿತು ಮಾತಾಡುತ್ತಿದ್ದ. ಹಿಂದೆ ಇಂಜಿನ್ ಸದ್ದು ಕೇಳುತ್ತಿತ್ತು.

"ತಮ್ಮಾ, ಗಾಡಿ ನಿಂತಾಗ ಸ್ಟೇರಿಂಗ್ ನಡುಗಾಕತ್ತದ ನೋಡು. ಓಡುವಾಗ ಏನಿಲ್ಲ. ನಿಂತ್ರ ಸಾಕು, ಥಂಡಿ ಜ್ವರ ಬಂದಂಗ ಮಾಡ್ತದ."

"ಗಾಲಿ ಬ್ಯಾಲೆನ್ಸ್ ಮಾಡಸು. ಅಲೈನ್‌ಮೆಂಟ್ ನೋಡಸು. ಶಹಾಪುರದಾಗ ಮಷಿನ್ ಅದ," ಎಂದೆ.

"ಅದಕ್ಕ ಹೋಗ್ತದೇನು?"

"ಹೋಗ್ತದ."

"ಪೇಪರಿನಂವ ಹೇಳಿದ ಮ್ಯಾಲ ಮುಗೀತು ಬಿಡು," ಎಂದು ನಕ್ಕ.

ನಾನು ಆಗ ಬರೆಯುತ್ತಿದ್ದ ಸುದ್ದಿ ಯಾವುದೆಂದು ಈಗ ನೆನಪಿಲ್ಲ. ನನಗೆ ಗಾಡಿಗಳ ಬಗ್ಗೆ ಗೊತ್ತಿದ್ದದ್ದು ಅಷ್ಟೇ. ಗೊತ್ತಿಲ್ಲದ ವಿಷಯವನ್ನು ಬರೆಯುವ ಮೊದಲು ಇಬ್ಬರನ್ನು ಕೇಳುವುದು ನಮ್ಮ ಕೆಲಸದ ನಿಯಮ. ಹೇಳುವ ಮೊದಲು ನಾನು ಯಾರನ್ನೂ ಕೇಳಲಿಲ್ಲ. ಅಣ್ಣ ಮರುದಿನವೇ ಶಹಾಪುರಕ್ಕೆ ಹೋಗಿ ನಾಲ್ಕೂ ಗಾಲಿಗಳನ್ನು ಮಷಿನ್ ಮೇಲೆ ಹಾಕಿಸಿದ. ನಡುಕ ಹೋಗಲಿಲ್ಲ. ಅವನು ಮತ್ತೆ ನನ್ನನ್ನು ಕೇಳಲಿಲ್ಲ.

ಆ ಗುರುವಾರ ನಡೆದದ್ದು, ನಾನು ಕೇಳಿ ತಿಳಿದ ಮಟ್ಟಿಗೆ, ಇಷ್ಟು. ಅಣ್ಣ ಕಕ್ಕೇರಾದಲ್ಲಿ ಕುರಿ ತುಂಬಿಕೊಳ್ಳಲು ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟ. ಎದೆ ಹಿಡಿದಂತಾಗಿಯೋ ಏನೋ, ಕಾಲುವೆ ಸೇತುವೆ ದಾಟಿ ಬೇವಿನ ಮರದ ಬಳಿ ಗಾಡಿ ನಿಲ್ಲಿಸಿದ. ಬ್ಯಾಟರಿ ಸೋತಿತ್ತು, ಬಂದ್ ಮಾಡಿದರೆ ತಳ್ಳದೆ ಚಾಲೂ ಆಗುತ್ತಿರಲಿಲ್ಲ. ಅದಕ್ಕೇ ಅವನು ಎಲ್ಲೂ ಇಂಜಿನ್ ಬಂದ್ ಮಾಡುತ್ತಿರಲಿಲ್ಲ.

ಎಂಟರ ಹೊತ್ತಿಗೆ ನಮ್ಮೂರಿನ ಒಬ್ಬ ಕುರಿಗಾರ ತನ್ನ ಹಿಂಡನ್ನು ಅಲ್ಲಿ ರಸ್ತೆ ದಾಟಿಸಿದ. ಅವನು ನಮ್ಮ ತಂದೆಯ ಜೊತೆ ಕುರಿ ಕಾಯ್ದವನು, ಅರವತ್ತೈದು ದಾಟಿದವನು. ನಾವೆಲ್ಲ ಅವನನ್ನು ಕಾಕಾ ಅನ್ನುತ್ತೇವೆ. ಇಪ್ಪತ್ತು ಹೆಜ್ಜೆ ದೂರದಿಂದ ಗಾಡಿಯಲ್ಲಿ ಅಣ್ಣ ಕುಳಿತದ್ದನ್ನು ನೋಡಿ, "ಏನ್ ಸಾಹುಕಾರಾ, ಯಾರ ದಾರಿ ಕಾಯಾಕತ್ತಿ?" ಎಂದು ಕೂಗಿದ. ಉತ್ತರ ಬರಲಿಲ್ಲ. ಆದರೆ ಕೈಗಳು ಅಲ್ಲಾಡುತ್ತಿದ್ದವು. ಕೈ ಆಡಿಸಿ ಹೋಗು ಅಂದನೆಂದು ತಿಳಿದು ಮುಂದೆ ಹೋದ. ಒಂಬತ್ತೂವರೆಗೆ ಕುರಿಗಳನ್ನು ಕಾಲುವೆ ನೀರಿಗೆ ಹೊಡೆದುಕೊಂಡು ಅದೇ ದಾರಿಯಲ್ಲಿ ಮರಳಿದಾಗಲೂ ಗಾಡಿ ಅಲ್ಲೇ ಇತ್ತು. ಅಣ್ಣ ಹಾಗೇ ಕುಳಿತಿದ್ದ. ಕೈಗಳು ಆಗಲೂ ಅಲ್ಲಾಡುತ್ತಿದ್ದವು. ಕಾಕಾ ಮತ್ತೆ ದಾಟಿ ಹೋದ. ಹತ್ತರ ಹೊತ್ತಿಗೆ ಶಾಲೆಗೆ ಹೊರಟ ಶಿಕ್ಷಕರೊಬ್ಬರು ಬೈಕ್ ನಿಲ್ಲಿಸಿ ಬಾಗಿಲು ತೆಗೆದರು.

ಮೂರನೇ ದಿನದ ಕಾರ್ಯಕ್ಕೆ ಊರು ಸೇರಿತ್ತು. ಕಾಕಾ ತಾನಾಗಿಯೇ ಎದ್ದು, ತಾನು ಎರಡು ಸಲ ನೋಡಿದ್ದನ್ನು ಎಲ್ಲರೆದುರು ಹೇಳಿದ. ಕೈ ಅಲ್ಲಾಡುತ್ತಿದ್ದ ಮಾತನ್ನೂ ಮುಚ್ಚಿಡಲಿಲ್ಲ. ಅತ್ತಿಗೆ ಗೋಡೆಗೆ ಒರಗಿ ಕುಳಿತಿದ್ದಳು. ಅಳುತ್ತಿರಲಿಲ್ಲ.

"ಕೈ ಅಲ್ಲಾಡಾಕತ್ತಿದ್ವು ಅಂದ್ರ ಜೀವ ಇತ್ತು," ಎಂದಳು. "ಕಂಡೂ ಕಂಡೂ ದಾಟಿ ಹ್ವಾದೇನೋ ಕಾಕಾ? ಒಂದಲ್ಲ, ಎರಡು ಸಲ? ಕುರಿ ಬಿದ್ದಿದ್ರ ನಿಂದರ್ತಿದ್ದಿ."

ಕಾಕಾ ಹೊರಟುಹೋದ. ಅವತ್ತಿನಿಂದ ನಮ್ಮ ಮನೆಗೆ ಬರುವುದನ್ನು ಬಿಟ್ಟ. ಆ ರಸ್ತೆಗೆ ಕುರಿ ಹೊಡೆಯುವುದನ್ನೂ ಬಿಟ್ಟ. ಕಾಲುವೆಯ ಏರಿ ಹಿಡಿದು ಎರಡು ಹರದಾರಿ ಸುತ್ತಿ ಹೋಗುತ್ತಿದ್ದ. ದೀಪಾವಳಿ ಹೊತ್ತಿಗೆ ಅವನ ಹೆಂಡತಿ ನನ್ನನ್ನು ಬಸ್ ನಿಲ್ದಾಣದಲ್ಲಿ ನಿಲ್ಲಿಸಿ ಹೇಳಿದಳು: "ಊಟಕ್ಕ ಕುಂತ್ರ ಗಂಗಾಳದ ಮುಂದ ಕೈ ಇಟ್ಕೊಂಡು ನೋಡ್ಕೋತ ಕುಂದರ್ತಾನಪ್ಪ. ಅರ್ಧ ರೊಟ್ಟಿ ತಿಂತಾನ, ಎದ್ದು ಹೋಗ್ತಾನ. ನಿಮ್ಮತ್ತಿಗಿಗಿ ಒಂದು ಮಾತ ಹೇಳು."

ನಾನು ಹೇಳಬೇಕಾದದ್ದು ಏನು? ಅವನು ದಾಟಿ ಹೋದದ್ದು ಜೀವ ಇದ್ದವನನ್ನೋ ಇಲ್ಲದವನನ್ನೋ, ನನಗೂ ಗೊತ್ತಿರಲಿಲ್ಲ. ಕೈಗಳನ್ನು ಅಲ್ಲಾಡಿಸಿದ್ದು ಅಣ್ಣನೋ ಗಾಡಿಯೋ ಎಂಬುದರ ಮೇಲೆ ಒಬ್ಬ ಮುದುಕನ ಊಟ ನಿಂತಿತ್ತು. ಗಾಡಿಯೇ ಆಗಿದ್ದರೆ, ಅದನ್ನು ನಡುಗಲು ಬಿಟ್ಟವರಲ್ಲಿ ನಾನೂ ಒಬ್ಬ.

ಗಾಡಿ ಅಂಗಳದಲ್ಲಿ ನಿಂತಿತ್ತು. ಶ್ರಾವಣದ ಕೊನೆಗೆ ಬರುವ ಬೆನಕನ ಅಮಾವಾಸ್ಯೆಗೆ ಯಾರೂ ಅದನ್ನು ಮುಟ್ಟಲಿಲ್ಲ. ಮುಂದಿನ ಅಮಾವಾಸ್ಯೆಯಿಂದ ಅತ್ತಿಗೆ ತಾನೇ ಶುರು ಮಾಡಿದಳು. ನಮ್ಮ ಕಡೆ ಗಾಡಿ ಇದ್ದವರು ಪ್ರತಿ ಅಮಾವಾಸ್ಯೆಗೆ ಅದನ್ನು ತೊಳೆದು, ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, ತೆಂಗಿನಕಾಯಿ ಒಡೆಯುತ್ತಾರೆ. ಅಣ್ಣ ಅಲ್ಲಿಗೇ ಬಿಡುತ್ತಿರಲಿಲ್ಲ. ಬಾನೆಟ್ ಎತ್ತಿ, ಡಬ್ಬಿಯಲ್ಲಿ ಡೀಸೆಲ್ ತುಂಬಿಕೊಂಡು, ಬಣ್ಣ ಬಳಿಯುವ ಬ್ರಷ್ಷಿನಿಂದ ಇಂಜಿನ್ನನ್ನು ಮೇಲಿನಿಂದ ಕೆಳಗಿನವರೆಗೆ ತೊಳೆಯುತ್ತಿದ್ದ. ಕರಿ ಜಿಡ್ಡೆಲ್ಲ ಇಳಿದು ಲೋಹ ಹೊಳೆಯುತ್ತಿತ್ತು. "ದೇವರಿಗಿ ಎಣ್ಣಿಮಜ್ಜನ," ಅನ್ನುತ್ತಿದ್ದ. ಅತ್ತಿಗೆ ಅದನ್ನು ಹದಿನೈದು ವರ್ಷ ನೋಡಿದ್ದಳು. ಅದೇ ಡಬ್ಬಿ, ಅದೇ ಬ್ರಷ್ಷು ಹಿಡಿದು ಮಹಾನವಮಿ ಅಮಾವಾಸ್ಯೆ, ದೀಪಾವಳಿ, ಛಟ್ಟಿ, ಎಳ್ಳ ಅಮಾವಾಸ್ಯೆ, ನಾಲ್ಕಕ್ಕೂ ತೊಳೆದಳು. ತೊಳೆದ ಮೇಲೆ ಓಣಿಯ ಗಂಡಸರನ್ನು ಕರೆದು ತಳ್ಳಿಸಿ, ಸ್ವಲ್ಪ ಹೊತ್ತು ಇಂಜಿನ್ ಚಾಲೂ ಇಡಿಸುತ್ತಿದ್ದಳು.

ಸ್ಟೇರಿಂಗ್ ಮೊದಲಿಗಿಂತ ಹೆಚ್ಚು ನಡುಗುತ್ತಿತ್ತು. ಊರಿಗೆ ಇಷ್ಟು ಸಾಕಾಯಿತು. ಅವನ ಕೈ ಇನ್ನೂ ಬಿಟ್ಟಿಲ್ಲ ಅಂದರು.

ಅತ್ತಿಗೆಗೆ ಗಾಡಿ ಓಡಬೇಕಿತ್ತು. ಬಾಡಿಗೆಗೆ ಕೇಳುವವರು ಇದ್ದರು, ಓಡಿಸುವವರು ಸಿಗಲಿಲ್ಲ. ಕಕ್ಕೇರಾದಿಂದ ಒಬ್ಬ ಚಾಲಕ ಬಂದು ಕುಳಿತ, ಚಾಲೂ ಮಾಡಿಸಿದ, ಸ್ಟೇರಿಂಗ್ ಹಿಡಿದ. ಎರಡು ನಿಮಿಷಕ್ಕೆ ಇಳಿದ. ಯಾಕೆಂದು ಕೇಳಿದರೆ, "ಆ ಕಡಿಂದ ಯಾರೋ ಹಿಡದಂಗ ಆಗ್ತದ್ರಿ ಯಕ್ಕಾ. ನಾ ಒಲ್ಲೆ," ಎಂದ. ಇನ್ನೊಬ್ಬ ಅಂಗಳದವರೆಗೂ ಬಂದು, ಬೇರೆ ಕೆಲಸ ಇದೆ ಎಂದು ಚಹಾ ಕುಡಿದು ಹೋದ.

ಎಳ್ಳ ಅಮಾವಾಸ್ಯೆ ಕಳೆದ ಮೂರನೇ ದಿನ ಅತ್ತಿಗೆ ನನಗೆ ಫೋನ್ ಮಾಡಿದಳು. "ಬಂದು ಒಯ್ದು ತೋರಸು ತಮ್ಮಾ. ದೆವ್ವ ಇದ್ರ ದೆವ್ವ ಅಂತ ಗೊತ್ತಾಗ್ಲಿ, ನಟ್ಟು ಬೋಲ್ಟು ಇದ್ರ ಅದು ಗೊತ್ತಾಗ್ಲಿ."

ನಾನು ರಜೆ ಹಾಕಿ ಹೋದೆ. ಮೊದಲು ಹೊಸ ಬ್ಯಾಟರಿ ಹಾಕಿಸಿದೆ. ಗಾಡಿ ಹತ್ತಿ ಕುಳಿತೆ. ಸ್ಟೇರಿಂಗಿಗೆ ಅಣ್ಣ ಕಪ್ಪು ರೆಕ್ಸಿನ್ ಕವರು ಹೊಲಿಸಿದ್ದ. ಅದರಲ್ಲಿ ಎಡಕ್ಕೊಂದು ಬಲಕ್ಕೊಂದು, ಕೈ ಇಡುವ ಜಾಗ ಸವೆದು ಬೆಳ್ಳಗಾಗಿತ್ತು. ಆ ಜಾಗ ಬಿಟ್ಟು ಬೇರೆ ಕಡೆ ಹಿಡಿದೆ. ಇಂಜಿನ್ ಚಾಲೂ ಮಾಡಿದ ಕೂಡಲೇ ನಡುಕ ಅಂಗೈಯಿಂದ ಮೊಣಕೈವರೆಗೆ ಏರಿತು. ಗೇರು ಹಾಕಿ ಊರು ದಾಟಿದ ಮೇಲೆ ಇಲ್ಲವಾಯಿತು. ಸುರಪುರ ಮುಟ್ಟುವವರೆಗೆ ದಾರಿಯಲ್ಲಿ ಎರಡು ಕಡೆ ನಿಲ್ಲಬೇಕಾಯಿತು, ಒಂದು ಕಡೆ ಎಮ್ಮೆಗಳಿಗೆ, ಒಂದು ಕಡೆ ಕಬ್ಬಿನ ಟ್ರ್ಯಾಕ್ಟರಿಗೆ. ಎರಡೂ ಸಲ ಅದು ಮರಳಿ ಬಂತು.

ಸುರಪುರದಲ್ಲಿ ಶಹಾಪುರ ರಸ್ತೆಗೆ ಒಂದು ಗ್ಯಾರೇಜಿದೆ. ನಡೆಸುವ ಮಿಸ್ತ್ರಿಗೆ ಅರವತ್ತರ ಆಸುಪಾಸು. ಗಾಡಿ ಗುರುತು ಹಿಡಿದು, ತಲೆಯ ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು. ಅಣ್ಣ ಅವರ ಹತ್ತಿರ ಬ್ರೇಕ್ ಕೆಲಸ ಮಾಡಿಸಿದ್ದನಂತೆ. ನಾನು ನಡುಕದ ವಿಷಯ ಹೇಳಿದೆ. ಶಹಾಪುರದಲ್ಲಿ ಗಾಲಿ ಬ್ಯಾಲೆನ್ಸ್ ಮಾಡಿಸಿದ್ದನ್ನೂ, ಮಾಡಿಸಲು ಹೇಳಿದ್ದು ನಾನೇ ಎಂಬುದನ್ನೂ ಹೇಳಿದೆ.

"ಅರೆ ಸಾಬ್, ಪೇಪರಿನಾಗ ಇರ್ತೀರಿ ನೀವು. ಗಾಡಿ ನಿಂತಾಗ ಗಾಲಿ ತಿರಗ್ತದೇನ್ರಿ?"

"ಇಲ್ಲ."

"ತಿರಗದ ಗಾಲಿ ಹ್ಯಾಂಗ ನಡುಗಿಸ್ತದ್ರಿ? ನಿಂತ ಗಾಡ್ಯಾಗ ತಿರಗೋದು ಒಂದ ಇಂಜಿನ್. ನಡುಕ ಅಲ್ಲಿಂದನ ಬರಬೇಕು. ಹಸಿವಾದ್ರ ಹೊಟ್ಟಿ ನೋಡ್ಬೇಕು, ಚಪ್ಪಲ್ ನೋಡಿದ್ರ ಆಗ್ತದ?"

ಅವರು ಕೆಲಸ ಮಾಡಿದ ಕ್ರಮವನ್ನು ನಾನು ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಅದು ಅಭ್ಯಾಸ. ಮೊದಲು ಒಂದು ಸ್ಟೀಲ್ ಲೋಟದಲ್ಲಿ ನೀರು ತುಂಬಿ ಡ್ಯಾಶ್‌ಬೋರ್ಡ್ ಮೇಲಿಟ್ಟರು. ಇಂಜಿನ್ ನಿಧಾನ ತಿರುಗುವಾಗ ನೀರಿನ ಮೇಲೆ ಸುಕ್ಕು ಎದ್ದು ಅಂಚಿಗೆ ಹೊಡೆಯುತ್ತಿತ್ತು. ಆಕ್ಸಿಲೇಟರ್ ಸ್ವಲ್ಪ ಒತ್ತಿಸಿದರು; ಸುಕ್ಕು ಕಡಿಮೆಯಾಯಿತು. ಬಿಡಿಸಿದರು, ಮತ್ತೆ ಬಂತು. ಆಮೇಲೆ ಸ್ಟೇರಿಂಗ್ ಕಂಬದ ಬೋಲ್ಟುಗಳನ್ನು ನೋಡಿದರು. ಬಿಗಿಯಾಗಿದ್ದವು. ಸ್ಟೇರಿಂಗ್ ಪಂಪಿನ ಬೆಲ್ಟ್ ಬಿಚ್ಚಿಟ್ಟು ಇಂಜಿನ್ ಚಾಲೂ ಮಾಡಿಸಿದರು. ನಡುಕ ಹಾಗೇ ಇತ್ತು. ಹೊಗೆ ಕೊಳವೆ ಗಾಡಿಯ ಅಡಿಚೌಕಟ್ಟಿಗೆ, ಅಂದರೆ ಚಾಸಿಗೆ, ತಾಗುತ್ತಿದೆಯೇ ಎಂದು ಕೈ ಹಾಕಿ ನೋಡಿದರು. ತಾಗುತ್ತಿರಲಿಲ್ಲ. ಇಂಜಿನ್ನಿನ ನಾಲ್ಕು ಸಿಲಿಂಡರುಗಳಿಗೆ ಡೀಸೆಲ್ ಒಯ್ಯುವ ಕೊಳವೆಗಳನ್ನು ಒಂದೊಂದಾಗಿ ಸಡಿಲಿಸಿ ಬಿಗಿದರು. ಸಡಿಲಿಸಿದಾಗೆಲ್ಲ ಇಂಜಿನ್ ಕುಂಟಿತು. "ನಾಲ್ಕೂ ಎತ್ತು ಸಮ ಎಳ್ಯಾಕತ್ತಾವ. ಅದಲ್ಲ," ಎಂದರು.

ಕೊನೆಗೆ ಜಾಕ್ ತಂದರು. ಇಂಜಿನ್ನಿನ ತಳಕ್ಕೆ ಒಂದು ಮರದ ಹಲಗೆ ಕೊಟ್ಟು, ಅದರ ಕೆಳಗೆ ಜಾಕ್ ಇಟ್ಟು, ಎರಡು ಸುತ್ತು ಎತ್ತಿದರು. ಲೋಟದ ನೀರು ನಿಂತಿತು.

"ಬರ್ರಿ ಸಾಬ್, ನಿಮ್ಮ ದೆವ್ವ ಇಲ್ಲಿ ಅದ ನೋಡ್ರಿ."

ನಾನು ಗಾಡಿ ಕೆಳಗೆ ಬಗ್ಗಿದೆ. ಇಂಜಿನ್ನು ಚಾಸಿಯ ಮೇಲೆ ನೇರ ಕೂರುವುದಿಲ್ಲ. ನಡುವೆ ಮುಷ್ಟಿಗಾತ್ರದ ರಬ್ಬರುಗಳಿರುತ್ತವೆ. ಗ್ಯಾರೇಜಿನವರು ಅದಕ್ಕೆ ಫೌಂಡೇಶನ್ ರಬ್ಬರ್ ಅನ್ನುತ್ತಾರೆ. ಇಂಜಿನ್ನಿನ ಅದುರು ಗಾಡಿಗೆ ಹತ್ತದಂತೆ ತಡೆಯುವುದು ಅವುಗಳ ಕೆಲಸ. ಅಣ್ಣನ ಗಾಡಿಯಲ್ಲಿ ಅವು ಉಬ್ಬಿ, ಚಹಾದಲ್ಲಿ ಬಿದ್ದ ಬ್ರೆಡ್ಡಿನಂತೆ ಮೆತ್ತಗಾಗಿದ್ದವು. ಬಲಗಡೆಯದು ನಡುವೆ ಸೀಳಿತ್ತು. ಕಬ್ಬಿಣ ಕಬ್ಬಿಣಕ್ಕೆ ಕೂತಿತ್ತು.

ಮಿಸ್ತ್ರಿ ಬೆರಳಿನಿಂದ ಒಂದು ಚೂರು ಕಿತ್ತು ಮೂಸಿದರು. "ಡೀಸೆಲಿಲೆ ಯಾರು ತೊಳೀತಿದ್ರು?"

"ಅಣ್ಣ. ಪ್ರತಿ ಅಮಾಸಿಗಿ. ಆಮ್ಯಾಲ ಅತ್ತಿಗಿ."

"ಹಾಂ. ಡೀಸೆಲ್ ಬಿದ್ರ ರಬ್ಬರ್ ತಿಂತದ. ಸುರಪುರ ತಾಲೂಕಿನಾಗ ಎಲ್ಲಾರೂ ಇದ ಮಾಡ್ತಾರ. ಗಾಡಿ ಮ್ಯಾಲ ಪ್ರೀತಿ ಇದ್ದವ್ರ ಗಾಡಿ ರಬ್ಬರ್ ಮೊದಲು ಹೋಗ್ತಾವ. ಪ್ರೀತಿ ಇಲ್ದವ್ರು ತೊಳ್ಯಂಗಿಲ್ಲ, ಅವ್ರವು ಹತ್ತು ವರ್ಷ ಬರ್ತಾವ."

ನಾನು ಕೇಳಬೇಕಾದ ಪ್ರಶ್ನೆ ಒಂದೇ ಇತ್ತು. ಶ್ರಾವಣದಲ್ಲಿ ಈ ರಬ್ಬರು ಹೇಗಿತ್ತು? ಸ್ಟೇರಿಂಗ್ ಮೇಲಿಟ್ಟ ಕೈಯನ್ನು, ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತವನಿಗೆ ಕಾಣುವಷ್ಟು, ಅದು ಅಲ್ಲಾಡಿಸುತ್ತಿತ್ತೇ? ಕಾಕಾನ ಸಂಗತಿಯನ್ನೂ ಹೇಳಿದೆ.

ಮಿಸ್ತ್ರಿ ಕೈ ಒರೆಸಿಕೊಂಡರು. "ಆವತ್ತ ಇಷ್ಟ ಇತ್ತು ಅಂತ ನಾ ಹೇಳಂಗಿಲ್ಲ ಸಾಬ್. ನಾಲ್ಕ ಅಮಾಸಿ ಮತ್ತ ಡೀಸೆಲ್ ಕುಡದಾವ ಇವು. ಆವತ್ತ ಕಡಿಮಿ ಇದ್ದೀತು. ಎಷ್ಟ ಕಡಿಮಿ ಅಂತ ಅಲ್ಲಾನ ಹೇಳ್ಬೇಕು."

ಹೊಸ ರಬ್ಬರು ಸುರಪುರದಲ್ಲಿ ಸಿಗಲಿಲ್ಲ. ಕಲಬುರಗಿಯಿಂದ ಮರುದಿನ ಮಧ್ಯಾಹ್ನದ ಬಸ್ಸಿಗೆ ಹಾಕಿಸುತ್ತೇನೆ, ಗಾಡಿ ಬಿಟ್ಟು ಹೋಗ್ರಿ ಎಂದರು. ನಾನು ಬಿಡಲಿಲ್ಲ. ನಾಳೆ ತರುತ್ತೇನೆಂದು ಹೇಳಿ ಮರಳಿ ಊರಿಗೆ ಓಡಿಸಿಕೊಂಡು ಬಂದೆ. ರಬ್ಬರು ಬದಲಾದ ಮೇಲೆ ನೋಡಲು ಏನೂ ಉಳಿಯುತ್ತಿರಲಿಲ್ಲ.

ಸಂಜೆ ಕಾಕಾನ ಮನೆಗೆ ಹೋದೆ. ಅವನು ಹಟ್ಟಿಯ ಬಾಗಿಲಲ್ಲಿ ಕುಳಿತು ಕುರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ. ಗ್ಯಾರೇಜಿನಲ್ಲಿ ಕಂಡದ್ದನ್ನು ಹೇಳಿದೆ. ನಾಳೆ ಎಂಟಕ್ಕೆ ಗಾಡಿಯನ್ನು ಅದೇ ಬೇವಿನ ಮರದ ಹತ್ತಿರ ನಿಲ್ಲಿಸುತ್ತೇನೆ, ನಾನು ಸೀಟಿನಲ್ಲಿ ಕೈ ಸಡಿಲ ಬಿಟ್ಟು ಕೂರುತ್ತೇನೆ, ನೀನು ಅಂದು ನಿಂತಲ್ಲಿಂದಲೇ ನೋಡು ಎಂದೆ. ಅಂದು ಕಂಡದ್ದು ಹಾಗೇ ಕಂಡರೆ, ಅಲ್ಲಾಡಿದ್ದು ಗಾಡಿ.

ಕಾಕಾ ಬಹಳ ಹೊತ್ತು ಮುಳ್ಳನ್ನೇ ಹುಡುಕಿದ.

"ಹಂಗ ಕಾಣಲಿಲ್ಲ ಅಂದ್ರ?"

"ಅದನ್ನೂ ಹೇಳಬೇಕು."

"ಹೂಂ." ಕುರಿಯನ್ನು ಬಿಟ್ಟ. "ಹಿಂಡ ಹೊಡಕೊಂಡ ಬರ್ತೀನಿ. ಕುರಿ ಇಲ್ದ ಬಂದ್ರ ಎಲ್ಲಿ ನಿಂತಿದ್ದೆ ಅಂತ ನನಗ ಗೊತ್ತಾಗಂಗಿಲ್ಲ. ಕಾಲು ಅವುರ ಹಿಂದ ಹೋಗ್ತಾವ."

ಮರುದಿನ ಎಂಟಕ್ಕೆ ಹತ್ತು ನಿಮಿಷ ಮೊದಲೇ ಗಾಡಿ ನಿಲ್ಲಿಸಿದೆ. ಶಿಕ್ಷಕರು ಹೇಳಿದ್ದ ಜಾಗ, ಅರ್ಧ ಡಾಂಬರು, ಅರ್ಧ ಮಣ್ಣು. ಅತ್ತಿಗೆ ಬರುತ್ತೇನೆಂದು ಹಟ ಹಿಡಿದು ಬಂದಿದ್ದಳು. ಅವಳು ಕೆಳಗಿಳಿದು, ಎಡಬಾಗಿಲ ಕಿಟಕಿಗೆ ಕೈ ಇಟ್ಟು ನಿಂತಳು. ಅಲ್ಲಿಂದ ಸ್ಟೇರಿಂಗಿಗೆ ಎರಡು ಮೊಳ ದೂರ. ನಾನು ಇಂಜಿನ್ ಚಾಲೂ ಇಟ್ಟು ಅಣ್ಣನ ಸೀಟಿನಲ್ಲಿ ಹಿಂದಕ್ಕೆ ಒರಗಿದೆ. ಸವೆದು ಬೆಳ್ಳಗಾದ ಎರಡು ಜಾಗಗಳ ಮೇಲೆ ಕೈ ಇಟ್ಟೆ. ನನ್ನ ಕೈಗಳು ಅವನವಕ್ಕಿಂತ ಚಿಕ್ಕವು. ಭುಜದಿಂದ ಬಲ ತೆಗೆದು, ಕೈಗಳನ್ನು ಬಿಟ್ಟೆ.

ಹಿಂಡು ಬೇಲಿಸಾಲು ದಾಟಿ ರಸ್ತೆಗೆ ಬಂತು. ಗಂಟೆ ಕಟ್ಟಿದ ಟಗರು ಮುಂದೆ, ಮಿಕ್ಕವು ಒತ್ತಿಕೊಂಡು ಹಿಂದೆ. ಧೂಳು ಗಾಜಿಗೆ ಬಂದು ಕೂತಿತು. ಕೊನೆಯಲ್ಲಿ ಕಾಕಾ, ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು. ಅವನು ನಿಂತ. ನನ್ನ ಕಡೆ ತಿರುಗಿದ. ಕೂಗಲಿಲ್ಲ.

ನಾನು ನನ್ನ ಕೈಗಳನ್ನು ನೋಡಿದೆ. ಸ್ಟೇರಿಂಗ್ ನಡುಗುತ್ತಿತ್ತು. ನಡುಕ ಅಂಗೈಗೆ, ಮಣಿಕಟ್ಟಿಗೆ ಗೊತ್ತಾಗುತ್ತಿತ್ತು. ಆದರೆ ಬೆರಳುಗಳು ಕಣ್ಣಿಗೆ ಕಾಣುವಷ್ಟು ಅಲ್ಲಾಡುತ್ತಿರಲಿಲ್ಲ. ಕೈಯ ಭಾರಕ್ಕೆ ಸ್ಟೇರಿಂಗಿನ ನಡುಕವೇ ಸ್ವಲ್ಪ ತಗ್ಗಿದಂತಿತ್ತು. ನಾಲ್ಕು ಅಮಾವಾಸ್ಯೆಗಳ ಡೀಸೆಲ್ ಹೆಚ್ಚಿಗೆ ಕುಡಿದ ರಬ್ಬರಿನ ಮೇಲೆ, ಹತ್ತಿರದಿಂದ ನೋಡಿದರೂ ಇಷ್ಟು. ಇಪ್ಪತ್ತು ಹೆಜ್ಜೆಗೆ, ಧೂಳು ಕೂತ ಗಾಜಿನಾಚೆಯಿಂದ, ಯಾರಿಗೂ ಏನೂ ಕಾಣುವಂತಿರಲಿಲ್ಲ.

ಕಾಕಾ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಒಂದು ಹೆಜ್ಜೆ ಮುಂದೆ ಬಂದ. ಅವನ ಬಾಯಿ ತೆರೆದಿತ್ತು. ಕೋಲು ಹಿಡಿದ ಕೈ ಕೆಳಗೆ ಜಾರಿತು.

ಆಗ ನನ್ನ ಬೆರಳುಗಳು ಎದ್ದವು. ಬಿದ್ದವು. ಮತ್ತೆ ಎದ್ದವು. ಎಬ್ಬಿಸಿದ್ದು ಗಾಡಿಯಲ್ಲ, ನಾನು. ಹಾಗೆ ಮಾಡುತ್ತೇನೆಂದು ನಾನು ಮೊದಲೇ ಯೋಚಿಸಿರಲಿಲ್ಲ. ಆದರೆ ಮಾಡುವಾಗ ಮಾಡುತ್ತಿದ್ದೇನೆಂದು ಗೊತ್ತಿತ್ತು. ಕಾಲು ನಿಮಿಷ ಮಾಡಿದೆ.

"ಹಾಂ!" ಎಂದ ಕಾಕಾ. "ಹಂಗ! ಹಂಗ ನೋಡ್ ತಮ್ಮಾ! ಹಂಗನ ಅಲ್ಲಾಡಾಕತ್ತಿದ್ವು!"

ಅವನು ರಸ್ತೆಯ ಮೇಲೆ, ಕುರಿಗಳ ನಡುವೆಯೇ, ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಕುರಿಗಳು ಅವನ ಸುತ್ತ ನಿಂತವು.

ನಾನು ಎಡಕ್ಕೆ ತಿರುಗಿದೆ. ಅತ್ತಿಗೆ ನನ್ನ ಬೆರಳುಗಳನ್ನು ನೋಡುತ್ತಿದ್ದಳು. ಆಮೇಲೆ ನನ್ನ ಮುಖ ನೋಡಿದಳು. ಕಿಟಕಿಯಿಂದ ಕೈ ತೆಗೆದು, ಗಾಡಿಯ ಮುಂದಿನಿಂದ ಸುತ್ತಿ, ಕುರಿಗಳನ್ನು ಮೊಣಕಾಲಿನಿಂದ ಸರಿಸುತ್ತ ಕಾಕಾನ ಹತ್ತಿರ ಹೋದಳು.

"ನೋಡಿದಿ ಇಲ್ಲೋ ಕಾಕಾ. ಗಾಡಿನ ಆಡಸ್ತದ. ಸಿಟ್ಟಿಲೆ ಅಂದೆ ನಾ. ಹೊಟ್ಟ್ಯಾಗ ಇಟ್ಕೋಬ್ಯಾಡ."

"ಇಲ್ಲವ್ವಾ."

"ಏಳು. ಬಸ್ ಬರೂ ಹೊತ್ತಾತು. ಕುರಿ ರಸ್ತಾದ ಮ್ಯಾಲ ಅದಾವ."

ಅವಳು ಅವನ ರಟ್ಟೆ ಹಿಡಿದು ಎಬ್ಬಿಸಿದಳು.

ಸುರಪುರದವರೆಗೆ ಅತ್ತಿಗೆ ಎಡಸೀಟಿನಲ್ಲಿ ಕುಳಿತು ಬಂದಳು. ದೇವಾಪುರ ದಾಟಿದೆವು.

"ಬೆರಳು ನೀ ಎತ್ತಿದಿ," ಎಂದಳು.

"ಹೌದು."

"ಗಾಡಿ ಅಷ್ಟ ಅಲ್ಲಾಡಸ್ತಿರಲಿಲ್ಲ."

"ಇಲ್ಲ."

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಅಂದ್ರ ಜೀವ ಇತ್ತು ಅವ್ರಿಗಿ. ಎಂಟಕ್ಕಾದ್ರೂ ಇತ್ತು."

"ಇದ್ದಿರಬಹುದು. ಮುದುಕನ ಕಣ್ಣು, ಧೂಳು. ಏನೂ ಹೇಳಾಕ ಬರಂಗಿಲ್ಲ."

"ನೀ ಪೇಪರಿನ ಮಾತು ಹೇಳಬ್ಯಾಡ." ಕಿಟಕಿಯಾಚೆ ನೋಡುತ್ತ, "ಹ್ವಾದಂವ ಹ್ವಾದ. ಇದ್ದಂವ ಊಟ ಬಿಟ್ಟಾನ," ಎಂದಳು.

ಮಧ್ಯಾಹ್ನದ ಬಸ್ಸಿಗೆ ರಬ್ಬರು ಬಂತು. ಮಿಸ್ತ್ರಿ ಮುಂದಿನ ಎರಡನ್ನೂ, ಗೇರ್‌ಬಾಕ್ಸಿನ ಕೆಳಗಿನ ಒಂದನ್ನೂ ಬದಲಿಸಿದರು. ಬೋಲ್ಟುಗಳನ್ನು ಮೊದಲು ಸಡಿಲವಾಗಿ ಕೂರಿಸಿ, ಇಂಜಿನ್ ಚಾಲೂ ಮಾಡಿ, ಅದು ತನ್ನ ಜಾಗ ತಾನೇ ಹಿಡಿಯುವವರೆಗೆ ಕಾದು, ಆಮೇಲೆ ಬಿಗಿದರು. ಮೊದಲೇ ಬಿಗಿದರೆ ಹೊಸ ರಬ್ಬರು ಸೊಟ್ಟ ಕೂತು ಬೇಗ ಹರಿಯುತ್ತದಂತೆ. ಲೋಟದಲ್ಲಿ ನೀರು ತುಂಬಿ ಡ್ಯಾಶ್‌ಬೋರ್ಡ್ ಮೇಲಿಟ್ಟರು. ನೀರು ಅಲುಗಲಿಲ್ಲ.

ಅತ್ತಿಗೆಗೆ ಹೇಳಿದರು: "ಯವ್ವಾ, ಅಮಾಸಿಗಿ ಕುಂಕುಮ ಹಚ್ಚು, ಹೂವ ಏರಸು, ಕಾಯಿ ಒಡಿ. ಸಾಬೂನ ನೀರಿಲೆ ತೊಳಿ. ಡೀಸೆಲ್ ಮಾತ್ರ ಟಾಕ್ಯಾಗ ಹಾಕು, ತಲಿ ಮ್ಯಾಲ ಹಾಕಬ್ಯಾಡ."

"ಅವ್ರು ಹಾಕ್ತಿದ್ರು," ಎಂದಳು ಅತ್ತಿಗೆ.

"ಗೊತ್ತದವ್ವಾ."

ಅವಳು ಗಾಡಿ ಹತ್ತಿ ಅಣ್ಣನ ಸೀಟಿನಲ್ಲಿ ಕುಳಿತಳು. ಹದಿನೈದು ವರ್ಷದಲ್ಲಿ ಆ ಸೀಟಿನಲ್ಲಿ ಕೂತವಳಲ್ಲ. ಇಂಜಿನ್ ಚಾಲೂ ಇತ್ತು. ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದಳು. ಮಿಸ್ತ್ರಿ ಸ್ಪ್ಯಾನರ್ ಒರೆಸುತ್ತ ಬೇರೆ ಕಡೆ ನೋಡಿದರು. ಬಹಳ ಹೊತ್ತಾದ ಮೇಲೆ ಅವಳು, "ಏನೂ ಇಲ್ಲ," ಎಂದು ಇಳಿದಳು.

ಅಣ್ಣನ ಫೋನ್ ಕರೆ ನನಗೆ ಈಗಲೂ ಕೇಳುತ್ತದೆ. ಯಾದಗಿರಿಯಲ್ಲಿ ಕಚೇರಿಯ ಕೆಳಗೆ ಪತ್ರಿಕೆ ಬಂಡಲುಗಳನ್ನು ಒಯ್ಯುವ ಗಾಡಿಗಳು ಇಂಜಿನ್ ಬಂದ್ ಮಾಡದೆ ನಿಲ್ಲುತ್ತವೆ. ಆಗ ಮೇಜಿನ ಮೇಲಿಟ್ಟ ಕೈಗಳನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ.

ಇದನ್ನು ಬರೆಯುವ ಮೊದಲು ಅತ್ತಿಗೆಯನ್ನು ಕೇಳಿದೆ. ಹೆಸರು ಹಾಕುವುದಿಲ್ಲ, ಆದರೆ ಬೆರಳಿನ ವಿಷಯ ಬಿಡುವುದಿಲ್ಲ ಎಂದೆ. "ಬರಿ," ಎಂದಳು. "ಕಾಕಾಗ ಓದು ಬರಂಗಿಲ್ಲ. ಓದಿ ಹೇಳವ್ರು ಯಾರದಾರ ಅವಗ?" ಆಮೇಲೆ ತಾನೇ ಒಂದು ಮಾತು ಸೇರಿಸಿದಳು: "ಅವಗೂ ಗೊತ್ತಿದ್ರ ಗೊತ್ತಿದ್ದೀತು."

ಯುಗಾದಿಯ ಮುಂದಿನ ವಾರದಿಂದ ದೋರನಹಳ್ಳಿಯ ಒಬ್ಬ ಚಾಲಕ ಗಾಡಿ ಓಡಿಸುತ್ತಿದ್ದಾನೆ. ನಡುಕದ ದೂರು ಬಂದಿಲ್ಲ. ಕಳೆದ ಸಂತೆಗೆ ಕಾಕಾನ ಒಂಬತ್ತು ಟಗರುಗಳು ಅದೇ ಗಾಡಿಯಲ್ಲಿ ಹೋದವು. ಮುಂದಿನ ಸೀಟು ಖಾಲಿಯಿತ್ತು, ಬಂದು ಕೂತ್ಕೋ ಎಂದು ಚಾಲಕ ಎರಡು ಸಲ ಕರೆದ. ಕಾಕಾ ಕೂರಲಿಲ್ಲ. ಹಿಂದೆ ಹತ್ತಿ, ಟಗರುಗಳ ನಡುವೆ ಸರಳು ಹಿಡಿದು ನಿಂತುಕೊಂಡೇ ಹೋದ.